ಸಾರು ಹೇಗಿದೆ ಎಂದು ಕೇಳುವುದು

ಹೊಳೆ ದಂಡೆಯ ಆಶ್ರಮದಲ್ಲಿ ವಾಗೀಶನೆಂಬ ಶಿಷ್ಯನಿದ್ದ. ಒಂಬತ್ತು ವರ್ಷದಿಂದ ಅಡುಗೆಮನೆಯ ಸೌಟು ಅವನ ಕೈಯಲ್ಲೇ. ಅದೇ ಅವನ ಜಪ, ಅದೇ ತಪ.

ಹುಣ್ಣಿಮೆಗೆ ಮುನ್ನೂರು ಜನ ಊಟಕ್ಕೆ ಬರುವವರಿದ್ದರು. ಗುರುಗಳು ಅಂದರು: "ಅವತ್ತು ಎಲ್ಲರನ್ನೂ ಕೇಳು, ನಿನ್ನ ಸಾರು ಹೇಗಿದೆ ಅಂತ. ಹಿಡಿಸದಿದ್ದರೆ ಸೌಟು ಬೇರೆಯವರಿಗೆ. ಆದರೆ ಇವತ್ತೇ ನಾಲ್ಕು ಜನರ ಹತ್ತಿರ ಕೇಳಿ ನೋಡು. ಮೊದಲು ಪ್ರಶ್ನೆ ಬೆಂದಿದೆಯೋ ಇಲ್ಲವೋ ಗೊತ್ತಾಗಲಿ."

ವಾಗೀಶ ಕೂತು ಕೂತು ಒಂದು ಪ್ರಶ್ನೆ ಹೊಸೆದ.

"ನನ್ನ ಕೈಯ ಅಮೃತದಂಥ ಸಾರು ರುಚಿಯಾಗಿತ್ತಲ್ಲವೇ?"

ನಾಲ್ವರೂ ಹೂಂ ಅಂದರು. ವಾಗೀಶ ಕುಣಿಯುತ್ತ ಬಂದ.

"ನೀನು ಕೇಳಿದ್ದು ಅವರಿಗೆ ಏನು ಅರ್ಥವಾಯಿತು ಅಂತ ಕೇಳಿ ಬಾ," ಅಂದರು ಗುರುಗಳು.

ಆ ನಾಲ್ವರಲ್ಲೊಬ್ಬಳಾದ ಬುಟ್ಟಿ ಹೆಣೆಯುವ ಚೌಡವ್ವ ನಕ್ಕುಬಿಟ್ಟಳು. "ಅಯ್ಯೋ ನನ್ನಪ್ಪಾ, ಹೂಂ ಅನ್ನು ಅಂತ ಕೇಳಿದಿರಿ. ಅಂದೆ."

ವಾಗೀಶನ ಮುಖ ಹುಳ್ಳಗಾಯಿತು. ಮರುದಿನ ಅಮೃತವನ್ನು ಕಿತ್ತು ಹಾಕಿ, ಬೇರೆ ನಾಲ್ವರನ್ನು ಹಿಡಿದ.

"ಸಾರು ಹೇಗಿದೆ?"

ನಾಲ್ವರೂ ಕೈ ಮುಗಿದರು. "ಪ್ರಸಾದಕ್ಕೆ ಹೆಸರಿಡೋದುಂಟಾ ಸ್ವಾಮಿ? ಶಾಂತಂ ಪಾಪಂ!"

ಅವನು ಬಂದು ಹೇಳಿದ್ದನ್ನು ಕೇಳಿ ಗುರುಗಳು ಗಡ್ಡದಲ್ಲೇ ನಕ್ಕರು. "ಕೇಳುವಾಗ ಕೈಯಲ್ಲೇನಿತ್ತು?"

"ಸೌಟು."

"ಕೆಳಗಿಟ್ಟು ಕೇಳು."

ಮೂರನೆಯ ದಿನ ವಾಗೀಶ ಬರಿಗೈಯಲ್ಲಿ ಪಂಕ್ತಿಯಲ್ಲೇ ಊಟಕ್ಕೆ ಕೂತ. ಅಕ್ಕಪಕ್ಕದವರನ್ನು ಮೆಲ್ಲಗೆ ಕೇಳಿದ: "ಈ ಸಾರನ್ನ ನೀವೇ ಮಾಡಿದ್ದರೆ ಏನೇನು ಬೇರೆ ಮಾಡ್ತಿದ್ದಿರಿ?"

ಅಬ್ಬಾ, ಕಟ್ಟೆಯೇ ಒಡೆಯಿತು!

"ಬೇಳೆ ಬೇಯಿಸ್ತಿದ್ದೆ," ಅಂದಳೊಬ್ಬಳು.

"ಒಗ್ಗರಣೆ ಸೀಯಿಸ್ತಿರಲಿಲ್ಲ."

"ಹುಣಸೆಹಣ್ಣು ಹಾಕುವಾಗ ಕೈ ಹಿಡೀತಿದ್ದೆ."

ಎದುರಿಗಿದ್ದ ಮುದುಕ ಯೋಚನೆ ಮಾಡಿ ಹೇಳಿದ: "ನಾನು ಮೊದಲು ಇದನ್ನ ಚೆಲ್ತಿದ್ದೆ."

ವಾಗೀಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಣ್ಣಲ್ಲಿ ನೀರು ತುಂಬಿತು. ಸೌಟು ತಂದು ಗುರುಗಳ ಪಾದದ ಹತ್ತಿರ ಇಟ್ಟ.

"ಪ್ರಶ್ನೆ ಸರಿಯಾಯಿತು ಗುರುಗಳೇ. ಇದನ್ನು ಬೇರೆಯವರಿಗೆ ಕೊಡಿ."

ಗುರುಗಳು ಸೌಟನ್ನು ಅವನ ಕಡೆಗೇ ತಳ್ಳಿದರು. "ಹುಣ್ಣಿಮೆಗೆ ಇನ್ನೂ ಐದು ದಿನ ಇದೆ. ಹೋಗು, ಬೇಳೆ ಬೇಯಿಸು."

ವಾಗೀಶ ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. ಅವನಿಗೆ ತಡೆಯಲಾಗಲಿಲ್ಲ.

"ದಿನಾ ಎರಡು ಹೊತ್ತೂ ಉಂಡಿರಿ. ಒಂದು ಸಲವಾದರೂ ಬಾಯಿಬಿಟ್ಟು ಹೇಳಬಾರದಿತ್ತೇ?"

"ನೀನು ದಿನಾ ಚೆನ್ನಾಗಿದೆ ಅಂತ ನನಗೇ ಹೇಳಿ ಹೋಗ್ತಿದ್ದೆ. ಯಾವತ್ತಾದರೂ ಕೇಳ್ತೀಯೇನೋ ಅಂತ ಕಾಯ್ತಾ ಉಂಡೆನಪ್ಪಾ."