ಹುಣಿಸೆಹಣ್ಣು ಮುಟ್ಟದ ತಳ

ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಪುಟ್ಟಗೌರಮ್ಮ ಹಬ್ಬಹಬ್ಬಕ್ಕೂ ಹುಣಿಸೆಹಣ್ಣು ಹಚ್ಚಿ ಹೊರಗೆಲ್ಲ ಫಳಫಳ ಬೆಳಗುತ್ತಿದ್ದಳು. ಈಚೆಗೆ ಎಷ್ಟು ಉರಿ ಹಾಕಿದರೂ ಅದರಲ್ಲಿ ನೀರು ಕಾಯುತ್ತಿರಲಿಲ್ಲ.

“ನಿನ್ನೆ ತಂದ ಸೌದೆ ಹಸಿ. ತಪ್ಪು ಅದರದು,” ಎಂದಿತು ಹಂಡೆ.

“ಅಲ್ಲ,” ಎಂದಿತು ತಂಬಿಗೆ. “ನಾನು ದಿನಾ ನಿನ್ನೊಳಗೆ ಮುಳುಗಿ ಏಳುತ್ತೇನೆ. ತಳದಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಹೆಬ್ಬೆರಳು ದಪ್ಪ ಕಟ್ಟಿದೆ.”

“ಸುಳ್ಳು! ನನ್ನ ಹೊಳಪು ನೋಡು. ಯಾವ ದಿನದ ನೀರು ನನ್ನನ್ನು ಕೆಡಿಸಿತು, ಹೇಳು.”

“ನಿನ್ನ ಕಾಯಿಲೆ ಯಾವ ಒಂದು ದಿನದ್ದೂ ಅಲ್ಲ, ಮೂವತ್ತು ವರ್ಷದ್ದು. ಜಗಳ ತೆಗೆಯುವಷ್ಟು ಸುಣ್ಣವನ್ನು ಯಾವ ಒಂದು ದಿನದ ನೀರೂ ಬಿಟ್ಟುಹೋಗಲಿಲ್ಲ.”

ಅಷ್ಟರಲ್ಲಿ ಪುಟ್ಟಗೌರಮ್ಮ ಬಂದು ತಂಬಿಗೆ ಅದ್ದಿದಳು. ಅದು ಬೇಕೆಂದೇ ತಳಕ್ಕೆ ಬಡಿದು, ಒಂದು ಬಿಳಿ ಚಕ್ಕೆಯನ್ನು ಮೇಲಕ್ಕೆ ತಂದಿತು.

“ಅಯ್ಯೋ, ಹೊರಗೆ ಬೆಳಗಿದ್ದೇ ಬೆಳಗಿದ್ದು, ಒಳಗೆ ಒಂದಿನಾನೂ ಕೈ ಹಾಕ್ಲಿಲ್ವಲ್ಲ!” ಎಂದು ಅವಳು ನೀರು ಚೆಲ್ಲಿ, ಹುಣಿಸೆಹಣ್ಣು ಹಿಡಿದು ಮಧ್ಯಾಹ್ನದವರೆಗೂ ತಳ ಉಜ್ಜಿದಳು. ಸುಣ್ಣ ಪೂರ್ತಿ ಬಿಡಲಿಲ್ಲ. ಬಿಟ್ಟಷ್ಟಕ್ಕೇ ಮರುದಿನ ಅರ್ಧ ಸೌದೆಯಲ್ಲಿ ನೀರು ಕುದಿಯಿತು.

ಮುಂದಿನ ಹಬ್ಬಕ್ಕೆ ಹಂಡೆಯನ್ನು ಹೊರಗೆ ಬೆಳಗುವುದು ಅವಳಿಗೆ ಮರೆತೇಹೋಯಿತು. ಹಂಡೆಗೂ ಅದು ನೆನಪಾಗಲಿಲ್ಲ.