ಬ್ರೇಕಿನ ಬದಲು ಲಿಂಬಿಹಣ್ಣು

ಅಗ್ಗದ ಮಾಲಿಗೆ ಹಿಂದಿನಿಂದ ಖರ್ಚು ಇದ್ದೇ ಇರುತ್ತದೆ. ಸಾವುಕಾರ ಗುರುಶಾಂತಪ್ಪ ಹರಾಜಿನಲ್ಲಿ ಹಳೆಯ ಮಿಲಿಟರಿ ಟ್ರಕ್ಕು ಕೊಂಡ. ಅದರ ಬ್ರೇಕು ಹಿಡಿಯುತ್ತಿರಲಿಲ್ಲ.

"ರಿಪೇರಿ ಆಮ್ಯಾಲ ನೋಡೂಣು. ಗಾಲಿ ಮುಂದ ಲಿಂಬಿಹಣ್ಣು ಇಟ್ಟು ಪೂಜಿ ಮಾಡು, ದೇವರು ಕಾಯ್ತಾನ. ಇವತ್ತೇ ಘಟ್ಟ ಇಳಿಸು," ಎಂದು ಸಾವುಕಾರ ಡ್ರೈವರ್ ಯಮನೂರಿಗೆ ಗದರಿದ.

ಟ್ರಕ್ಕು ಇಳಿಜಾರಿನ ಮೇಲೆ, ಗಾಲಿಗೆ ಕಲ್ಲು ಕೊಟ್ಟು ನಿಂತಿತ್ತು. ಯಮನೂರಿ ಹಣ್ಣನ್ನು ಕೆಳಗೆ, ಇಳಿಜಾರಿನ ಬುಡದಲ್ಲಿ ಇಟ್ಟ.

"ಸಾವ್ಕಾರ್ರ, ಆರತಿ ಹಿಡ್ಕೊಂಡು ಹಣ್ಣಿನ ಹಿಂದ ನೀವೇ ನಿಲ್ರಿ. ನಾ ಮ್ಯಾಲಿಂದ ಬಂದು ಹಣ್ಣಿನ ಮ್ಯಾಲ ಗಾಡಿ ನಿಲ್ಲಸ್ತೀನಿ."

ಸಾವುಕಾರ ದಡಬಡಿಸಿ ಪಕ್ಕಕ್ಕೆ ಸರಿದ. "ತಡಿಯೋ! ಮೊದಲು ಬ್ರೇಕು ಮಾಡ್ಸು!"

ಯಮನೂರಿ ಹಣ್ಣು ಎತ್ತಿಕೊಂಡ.

"ಹೋದ ವರ್ಷ ನಮ್ಮಣ್ಣನ ಗಾಡಿಗೂ ಹಣ್ಣು ಇಡಿಸಿ ಘಟ್ಟಕ್ಕ ಕಳಿಸಿದ್ರಿ. ಅವತ್ತೂ ನಿಮ್ಮನ್ನ ಮುಂದ ನಿಲ್ಲಿಸಿದ್ರ, ಅವ ಇವತ್ತು ಬದುಕಿರ್ತಿದ್ದ."