ಮಾರಕ್ಕನ ಮಗ ವಿಮಾನ ಹಾರಿಸಿದ್ದು

ಕರೇಕಾವಲು ಅಂತ ಒಂದು ಊರು. ಊರಿಗೊಂದು ಬಸ್ ಸ್ಟ್ಯಾಂಡು, ಬಸ್ ಸ್ಟ್ಯಾಂಡಿಗೊಂದು ಮಂಡಕ್ಕಿ ಅಂಗಡಿ, ಅಂಗಡಿಗೊಬ್ಬಳು ಮಾರಕ್ಕ, ಮಾರಕ್ಕನಿಗೊಬ್ಬ ಮಗ. ಮಗನ ಹೆಸರು ಪಾಲಯ್ಯ. ಎತ್ತರಕ್ಕೆ ಎತ್ತರ, ದಪ್ಪಕ್ಕೆ ದಪ್ಪ, ಮೀಸೆಯೂ ಬಂದಿತ್ತು. ಬುದ್ಧಿಯೊಂದು ಇನ್ನೂ ದಾರಿಯಲ್ಲಿತ್ತು.

ಹಾಗಂತ ಅವನು ಮಾತು ಕೇಳದವನಲ್ಲ. ಕೇಳುತ್ತಿದ್ದ, ಅದೇ ಕಷ್ಟ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಒಮ್ಮೆ ಮಾರಕ್ಕ, ಅಂಗಡಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನಬೇಡ ಕಣಪ್ಪ ಎಂದು ಹೇಳಿ ನೀರು ತರಲು ಹೋದಳು. ಬರುವಷ್ಟರಲ್ಲಿ ಅಂಗಡಿಯ ಬೆಂಚು ಯಾರದೋ ಮನೆ ಸೇರಿತ್ತು, ಕೊಡೆ ಇನ್ಯಾರದೋ ತಲೆ ಮೇಲಿತ್ತು, ಒಲೆ ಕೇಳಿದವನು ಬಿಸಿ ಆರಲಿ ಅಂತ ಕಾಯುತ್ತಾ ಕೂತಿದ್ದ. ಮಾರಕ್ಕ ಹಣೆ ಹಣೆ ಚಚ್ಚಿಕೊಂಡಳು. ಪಾಲಯ್ಯ ಮಾತ್ರ, ಯಾರಿಗೂ ಇಲ್ಲ ಅನ್ನಲಿಲ್ಲ ಅವ್ವ ಎಂದು ಸಂತೋಷವಾಗಿ ಹೇಳಿದ. ಇಂಥ ಮಗನನ್ನು ಬೈಯುವುದಾದರೂ ಹೇಗೆ?

ಮಾರಕ್ಕನಿಗೆ ಇದ್ದದ್ದು ಒಂದೇ ಚಿಂತೆ. ನನ್ನ ಕೈಕಾಲು ಗಟ್ಟಿಯಿರುವಾಗಲೇ ಇವನು ಒಂದು ಕೆಲಸಕ್ಕೆ ನಿಲ್ಲಬೇಕು, ನಾನಿಲ್ಲದ ದಿನ ಇವನ ತಟ್ಟೆ ಖಾಲಿ ಇರಬಾರದು. ಅವಳ ತಮ್ಮ ಓಬಳೇಶಿ ಅದೇ ಊರಿನಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ. ಮಗನನ್ನು ಸೇರಿಸಿಕೋ ಅಂತ ಅವನನ್ನು ಹೋಗಿ ಹೋಗಿ ಕೇಳಿದಳು. ಓಬಳೇಶಿ ಕೆಟ್ಟವನಲ್ಲ, ಹೆದರಿದವನು.

"ಅಕ್ಕಯ್ಯ, ನನ್ನ ಅಂಗಡೀಲಿ ಇರೋದು ಕರೆಂಟು. ಇವನು ಏನೋ ಹಿಡ್ಕಂಡು ಏನೋ ಆದ್ರೆ ನಿನಗೆ ನಾನು ಏನಂತ ಹೇಳ್ಲಿ?"

ಮಾರಕ್ಕ ಕೂತ ಜಾಗ ಬಿಟ್ಟು ಏಳಲಿಲ್ಲ. ಓಬಳೇಶಿ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿದ. ಅವನಿಗೆ ವಿಮಾನದ ಹುಚ್ಚು. ಮೇಲೆ ಸದ್ದಾದರೆ ಸಾಕು, ಉಣ್ಣುವ ತುತ್ತು ಬಿಟ್ಟು ಅಂಗಳಕ್ಕೆ ಓಡುವ ಜಾತಿ. ಪೇಟೆಗೆ ಹೋದಾಗ ಆಸೆಪಟ್ಟು ಒಂದು ರಿಮೋಟು ವಿಮಾನ ತಂದಿದ್ದ, ಡಬ್ಬಿಯಲ್ಲಿದ್ದದ್ದು ಅದೇ. ರೆಕ್ಕೆ, ಬಾಲ, ಮೋಟರು, ಚಕ್ರ ಎಲ್ಲ ತಯಾರಾಗಿಯೇ ಬರುತ್ತದೆ, ಜೋಡಿಸಿಕೊಂಡರೆ ಆಯಿತು. ಇದನ್ನು ಪಾಲಯ್ಯನೇ ಜೋಡಿಸಲಿ, ಹಾರಿಸಲಿ, ಮುರಿಯದ ಹಾಗೆ ಕೆಳಗಿಳಿಸಲಿ, ಅವತ್ತೇ ಅಂಗಡಿಗೆ ಸೇರಿಸಿಕೊಳ್ಳುತ್ತೇನೆ ಅಂದ. ನಾನು ಹೇಳಿದ ಹಾಗೆ ಮಾಡಿದರೆ ಸಾಕು ಅಂತಲೂ ಅಂದ. ಆ ಕೊನೆಯ ಮಾತು ಕೇಳಿ ಮಾರಕ್ಕ ಮನೆದೇವರಿಗೆ ಕೈಮುಗಿದಳು.

ಮೊದಲನೆಯ ದಿನ ರೆಕ್ಕೆ. ರೆಕ್ಕೆ ಎರಡು ಹೋಳಾಗಿ ಬಂದಿತ್ತು. ನಡುವೆ ಗೋಂದು ಹಚ್ಚಿ ಎರಡನ್ನೂ ಸೇರಿಸು ಅಂತ ಓಬಳೇಶಿ ಹೇಳಿಹೋದ. ಪಾಲಯ್ಯ ಹಚ್ಚಿದ, ಸೇರಿಸಿದ, ಸೇರಿಸಿದ ಕೂಡಲೇ ಅವ್ವನಿಗೆ ತೋರಿಸಲು ಎತ್ತಿಕೊಂಡು ಓಡಿದ. ಅಂಗಡಿ ಮುಟ್ಟುವಾಗ ಬಲಗೈಯಲ್ಲೊಂದು ಹೋಳು, ಎಡಗೈಯಲ್ಲೊಂದು ಹೋಳು, ಅಂಗಿಯ ತುಂಬ ಗೋಂದು.

ಓಬಳೇಶಿ ಬಂದು ರೆಕ್ಕೆಯನ್ನು ತಾನೇ ಅಂಟಿಸುತ್ತಾ ಬೈದ. ಗೋಂದು ಹಚ್ಚಿದ ಮೇಲೆ ದಾರ ಸುತ್ತಬೇಕು, ಬಿಗಿಯಾಗಿ ಕಟ್ಟಬೇಕು, ಮಾರನೆಯ ದಿನದವರೆಗೂ ಅಲುಗಾಡಬಾರದು, ತಿಳೀತಾ?

"ತಿಳೀತು ಮಾವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆ ಇನ್ನೊಂದು ಸಲ ಬಂದದ್ದು ಬಾಲಕ್ಕೆ. ಬಾಲದ ತುದಿಯಲ್ಲಿ ಒಂದು ಪಟ್ಟಿ ಇರುತ್ತದೆ. ಅದು ಅತ್ತಿತ್ತ ಆಡಿದರೆ ವಿಮಾನ ಅತ್ತಿತ್ತ ತಿರುಗುತ್ತದೆ. ಪಟ್ಟಿ ಕೂರಿಸು ಅಂತ ಮಾವ ಹೇಳಿದ್ದೇ ತಡ, ಪಾಲಯ್ಯ ಅದಕ್ಕೆ ಗೋಂದು ಮೆತ್ತಿದ, ದಾರ ಸುತ್ತಿದ, ಬಿಗಿದ, ಮಾರನೆಯ ದಿನದವರೆಗೂ ಪಕ್ಕದಲ್ಲೇ ಕೂತು ನೊಣ ಕೂರದ ಹಾಗೆ ಕಾದ. ಓಬಳೇಶಿ ಬ್ಯಾಟರಿ ಸಿಕ್ಕಿಸಿ ರಿಮೋಟಿನ ಕಡ್ಡಿ ತಳ್ಳಿದ. ಒಳಗಿನ ಪುಟ್ಟ ಮೋಟರು ಕುಯ್ಯೋ ಅಂತ ಅತ್ತಿತು, ಸುಟ್ಟ ವಾಸನೆ ಬಂತು, ಪಟ್ಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅಯ್ಯೋ ಮಾರಾಯ, ಇದು ಬಾಗಿಲಿದ್ದ ಹಾಗೆ ಕಣೋ, ಸಡಿಲ ಇರಬೇಕು, ಬೆರಳಲ್ಲಿ ಮುಟ್ಟಿದರೆ ಸಾಕು, ಆಡಬೇಕು ಅಂತ ಓಬಳೇಶಿ ತಲೆ ಹಿಡಿದುಕೊಂಡ, ಪಟ್ಟಿ ಬಿಡಿಸಿ ಸುಟ್ಟ ಪುಟ್ಟ ಮೋಟರಿನ ಜಾಗಕ್ಕೆ ಬೇರೊಂದು ಹಾಕಿದ.

"ಹಂಗಾ ಮಾವ? ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಇನ್ನೊಂದು ಸಲ ಬಂದದ್ದು ಮೂತಿಗೆ. ಮೂತಿಗೆ ಮೋಟರು ಕೂರಿಸಬೇಕು, ಮೋಟರಿಗೆ ಪಂಖ ಹಾಕಬೇಕು. ಓಬಳೇಶಿ ಸ್ಕ್ರೂ ಕೊಟ್ಟು ಹೋದ. ಪಾಲಯ್ಯ ಪ್ರತಿ ಸ್ಕ್ರೂವನ್ನೂ ಅರ್ಧಕ್ಕೇ ನಿಲ್ಲಿಸಿದ. ಬೆರಳಲ್ಲಿ ಮುಟ್ಟಿ ನೋಡಿದ, ಮೋಟರು ಚೆನ್ನಾಗಿ ಆಡುತ್ತಿತ್ತು. ಮಾವ ಮೆಚ್ಚುತ್ತಾನೆ ಅಂದುಕೊಂಡು ಅವ್ವನ ಅಂಗಡಿ ಮುಂದೆಯೇ ಇಟ್ಟು ಚಾಲೂ ಮಾಡಿದ. ಪಂಖ ಒಂದು ಸಲ ಗುಂಯ್ ಅಂದಿತು, ಮೋಟರಿನ ಸಮೇತ ಕಿತ್ತುಕೊಂಡಿತು, ನೇರ ಹೋಗಿ ಮಂಡಕ್ಕಿ ರಾಶಿಗೆ ನುಗ್ಗಿತು. ಬಸ್ಸಿಗೆ ಕಾದಿದ್ದವರ ತಲೆ ಮೇಲೆಲ್ಲ ಮಂಡಕ್ಕಿ. ಕಂಡಕ್ಟರನ ಚೀಲದಲ್ಲಿ ಮಂಡಕ್ಕಿ. ಒಬ್ಬ ಅಜ್ಜಿ ಮಾತ್ರ ಹೆಗಲ ಮೇಲೆ ಬಿದ್ದದ್ದನ್ನು ಆರಿಸಿ ತಿಂದು, ಖಾರ ಸಾಲದು ಮಾರಕ್ಕ ಅಂತ ಹೇಳಿ ಬಸ್ಸು ಹತ್ತಿದಳು.

ಓಬಳೇಶಿ ಈ ಸಲ ಜೋರಾಗಿಯೇ ಬೈದ. ಭದ್ರ ಮಾಡೋ, ಎಲ್ಲೆಲ್ಲಿ ಅಲುಗುತ್ತೋ ಅಲ್ಲೆಲ್ಲ ಪಟ್ಟಿ ಕೊಡು, ಟೇಪು ಸುತ್ತು, ಆನೆ ತುಳಿದರೂ ಮುರಿಯಬಾರದು, ಹಂಗೆ ಭದ್ರ ಮಾಡು. ಮೂತಿಯ ಸ್ಕ್ರೂ ಮಾತ್ರ ತಾನೇ ಬಿಗಿದು ಹೋದ.

ಪಾಲಯ್ಯನಿಗೆ ಇದು ಬಹಳ ಹಿಡಿಸಿತು. ರೆಕ್ಕೆಗೆ ಬಿದಿರಿನ ದಬ್ಬೆ ಕಟ್ಟಿದ. ಹೊಟ್ಟೆಗೆ ಹಳೇ ಮಂಚದ ಕಬ್ಬಿಣದ ಪಟ್ಟಿ ಕೊಟ್ಟ. ಎಲ್ಲಿ ಅಲುಗುತ್ತದೆ ಅಂತ ಹುಡುಕುತ್ತಾ ಹೋದವನಿಗೆ ಚಕ್ರ ಸಿಕ್ಕಿತು. ಚಕ್ರ ಅಲುಗುವುದೇನು, ತಿರುಗುತ್ತಲೇ ಇದೆ! ಅದಕ್ಕೂ ಟೇಪು ಸುತ್ತಿದ. ಊರಾಚೆ ದನ ಮೇಯುವ ಕಾವಲಿನ ಬಯಲಿಗೆ ಹೊತ್ತು ತರುವಾಗಲೇ ಓಬಳೇಶಿಯ ಸೊಂಟ ಹಿಡಿಯಿತು. ಪಂಖ ಭೋರೆಂದು ತಿರುಗಿತು, ಮುಂದಿನ ಹುಲ್ಲೆಲ್ಲ ಕತ್ತರಿಸಿ ಬಿತ್ತು, ವಿಮಾನ ಇದ್ದಲ್ಲೇ ಇತ್ತು. ದನ ಕಾಯುವವನೊಬ್ಬ ಬಂದು, ಈ ಹುಲ್ಲು ಕೊಯ್ಯೋ ಮಿಷನ್ನು ಎಲ್ಲಿ ಸಿಗುತ್ತೆ ಅಂತ ಕೇಳಿದ.

ತೂಕ ಇಳಿಸು, ಹಾರುವುದಕ್ಕೆ ಬೇಡದ್ದನ್ನೆಲ್ಲ ಕಿತ್ತು ಹಾಕು ಅಂತ ಓಬಳೇಶಿ ಹಲ್ಲು ಕಚ್ಚಿಕೊಂಡು ಹೇಳಿದ. ಹೇಳಿದ ಮೇಲೆ ಅವನಿಗೇ ಭಯವಾಯಿತು. ಆದರೆ ಆಗಲೇ ಪಾಲಯ್ಯ ತಲೆಯಾಡಿಸಿಬಿಟ್ಟಿದ್ದ.

ಕಬ್ಬಿಣ ಹೋಯಿತು, ಬಿದಿರು ಹೋಯಿತು, ಟೇಪು ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಪಾಲಯ್ಯ ಹೇಗಾದಾನು? ಚಕ್ರ ನೆಲದ ಮೇಲೆ ಬೇಕು, ಆಕಾಶದಲ್ಲಿ ಯಾಕೆ ಅಂತ ಚಕ್ರ ಕಿತ್ತ. ರೆಕ್ಕೆ ಬಾಗದಿರಲೆಂದು ಒಳಗೆ ತೂರಿಸಿದ್ದ ಕರಿ ಕಡ್ಡಿ ಕಣ್ಣಿಗೇ ಕಾಣದು, ಕಾಣದ್ದು ಯಾಕೆ ಅಂತ ಅದನ್ನೂ ಎಳೆದ. ಭಾನುವಾರ ಬಯಲಿಗೆ ಅರ್ಧ ಊರು ಬಂದಿತ್ತು. ಓಬಳೇಶಿ ರಿಮೋಟನ್ನು ಪಾಲಯ್ಯನಿಗೆ ಕೊಟ್ಟು ವಿಮಾನವನ್ನು ಕೈಯಿಂದಲೇ ಎಸೆದ. ಎದ್ದಿತು! ಎದ್ದ ಕೂಡಲೇ ಊರೆಲ್ಲ ಕೂಗಿತು. ಒಬ್ಬ ಎಡಕ್ಕೆ ಅಂದ, ಪಾಲಯ್ಯ ಎಡಕ್ಕೆ ತಿರುಗಿಸಿದ. ಒಬ್ಬ ಬಲಕ್ಕೆ ಅಂದ, ಬಲಕ್ಕೆ ತಿರುಗಿಸಿದ. ಮೇಲೆ ಅಂದರು, ಕೆಳಗೆ ಅಂದರು, ಯಾರ ಮನಸ್ಸನ್ನೂ ಅವನು ನೋಯಿಸಲಿಲ್ಲ. ರೆಕ್ಕೆ ಕೈಮುಗಿದಂತೆ ಮಡಿಚಿಕೊಂಡಿತು, ವಿಮಾನ ಜಾಲಿ ಗಿಡದೊಳಗೆ ಹೋಗಿ ಕೂತಿತು.

ಓಬಳೇಶಿಯ ಸಿಟ್ಟು ನೆತ್ತಿಗೇರಿತು.

"ಕಂಡೋರ ಮಾತೆಲ್ಲ ಯಾಕ್ಲಾ ಕೇಳ್ತೀಯ? ರಿಮೋಟು ಕೈಲಿರೋವಾಗ ಯಾರ ಮಾತೂ ಕೇಳಬೇಡ. ನಿಮ್ಮವ್ವ ಹೇಳಿದ್ರೂ ಕೇಳಬೇಡ, ನಾನು ಹೇಳಿದ್ರೂ ಕೇಳಬೇಡ. ಕಣ್ಣು ವಿಮಾನದ ಮೇಲಿರ್ಲಿ, ಅಷ್ಟೇ."

"ಆಗ್ಲಿ ಮಾವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆಮೇಲೆ ಓಬಳೇಶಿ ಅಕ್ಕನನ್ನು ಪಕ್ಕಕ್ಕೆ ಕರೆದು, ಇನ್ನು ಒಂದೇ ಸಲ, ಅದೂ ಆಗದಿದ್ದರೆ ನನ್ನನ್ನು ಕೇಳಬೇಡ ಅಂದ. ಮಾರಕ್ಕ ಹೂಂ ಅಂದಳು. ಆ ವಾರವೆಲ್ಲ ಮಾವ ಅಳಿಯ ಒಟ್ಟಿಗೇ ಕೂತು ರೆಕ್ಕೆಗೆ ಕರಿ ಕಡ್ಡಿ ಮತ್ತೆ ತೂರಿಸಿದರು, ಮುರಿದಲ್ಲಿ ಅಂಟಿಸಿದರು, ಚಕ್ರ ಹಾಕಿದರು. ವಿಮಾನವನ್ನು ಕಟ್ಟೆ ಮೇಲೆ ಕಟ್ಟಿಹಾಕಿ ಓಬಳೇಶಿ ರಿಮೋಟಿನ ಕಡ್ಡಿಗಳನ್ನು ಆಡಿಸುವುದನ್ನು ಸರಿಯಾಗಿ ಕಲಿಸಿದ. ಎಡ ಕಡ್ಡಿ ಮೋಟರಿಗೆ, ಬಲ ಕಡ್ಡಿ ತಿರುವಿಗೂ ಏರಿಳಿತಕ್ಕೂ. ಕಲಿಸಿದ್ದನ್ನು ಪಾಲಯ್ಯ ಮರೆಯುವವನಲ್ಲ. ಬರಿಗೈಯಲ್ಲೂ ಹೆಬ್ಬೆರಳು ಆಡಿಸುತ್ತಾ ಊರೆಲ್ಲ ತಿರುಗಿದ, ಉಣ್ಣುವಾಗಲೂ ಆಡಿಸಿದ. ಮಾರಕ್ಕ ನೋಡಿ ನಗುತ್ತಿದ್ದಳು, ಮರುಕ್ಷಣ ಭಾನುವಾರಕ್ಕೆ ಇನ್ನೆಷ್ಟು ದಿನ ಅಂತ ಬೆರಳು ಮಡಿಚುತ್ತಿದ್ದಳು.

ಭಾನುವಾರ ಬಂತು. ವಿಮಾನ ನೆಲದ ಮೇಲೆ ಸರ್ರೆಂದು ಓಡಿತು, ಎದ್ದಿತು, ಏರಿತು. ಜಾಲಿ ಗಿಡದ ಮೇಲೆ ಹೋಯಿತು, ದನಗಳ ಮೇಲೆ ಹೋಯಿತು, ಸುತ್ತಿ ಬಂದು ಮಾರಕ್ಕನ ತಲೆಯ ಮೇಲೇ ಹಾದು ಹೋಯಿತು. ಜನ ಎಡಕ್ಕೆ ಬಲಕ್ಕೆ ಅಂತ ಗಂಟಲು ಹರಿದುಕೊಂಡರು. ಪಾಲಯ್ಯ ಯಾರ ಕಡೆಗೂ ತಿರುಗಲಿಲ್ಲ. ಇವನು ನನ್ನ ಮಗನಾ ಅಂತ ಮಾರಕ್ಕನಿಗೇ ಅನುಮಾನ ಬಂತು. ಅವಳ ಜೀವಮಾನದಲ್ಲಿ ಅಷ್ಟು ಸಂತೋಷ ಆದದ್ದಿಲ್ಲ.

ಸಾಕು, ಬ್ಯಾಟರಿ ಮುಗಿಯುತ್ತೆ, ಇಳಿಸು ಅಂದ ಓಬಳೇಶಿ. ಪಾಲಯ್ಯ ಇನ್ನೊಂದು ಸುತ್ತು ಹೊಡೆಸಿದ. ಮಾವ ಇಳಿಸೋ ಅಂತ ಕೂಗಿದ. ಪಾಲಯ್ಯ ಕಣ್ಣು ಮಿಟುಕಿಸಲಿಲ್ಲ. ಮಾವ ಭುಜ ಹಿಡಿದು ಅಲುಗಿಸಿದ, ಕೈಮುಗಿದ. ರಿಮೋಟಿಗೇ ಕೈಹಾಕಲು ಹೋದ, ಪಾಲಯ್ಯ ಅದನ್ನು ಎದೆಗವಚಿಕೊಂಡು ತಿರುಗಿ ನಿಂತ. ಮೇಲೆ ಮೋಟರಿನ ಸದ್ದು ಆಗಲೇ ಸಣ್ಣಗಾಗುತ್ತಿತ್ತು. ಓಬಳೇಶಿ ತಾನು ಹೇಳಿದ ಮಾತು ನೆನಪಾಗಿ ತನ್ನ ಬಾಯಿಗೆ ತಾನೇ ಬಡಿದುಕೊಂಡ.

ಮಾರಕ್ಕ ಕೂಗಲಿಲ್ಲ. ಮಗನ ಮುಂದೆ ಹೋಗಿ ನಿಂತು ಅಂಗೈ ಚಾಚಿದಳು. ಚಿಕ್ಕಂದಿನಿಂದ ಅಭ್ಯಾಸ ಅದು. ಕಲ್ಲಿರಲಿ, ಕಪ್ಪೆಯಿರಲಿ, ಅವಳು ಅಂಗೈ ಚಾಚಿದರೆ ಕೈಯಲ್ಲಿದ್ದದ್ದನ್ನು ಅವನು ಅಲ್ಲಿ ಇಟ್ಟುಬಿಡುತ್ತಿದ್ದ. ಈಗಲೂ ಇಟ್ಟ.

"ಈಗ ಕೇಳಿಸ್ತೇನಪ್ಪ ನನ್ನ ಮಾತು?"

"ಕೇಳಿಸ್ತವ್ವ. ಈಗ ರಿಮೋಟು ನನ್ನ ಕೈಲಿಲ್ವಲ್ಲ."

ವಿಮಾನದ ಮೂತಿ ಬಾಗಿತು. ಹೇಗೆ ಇಳಿಸೋದು, ಬೇಗ ಹೇಳು ಅಂದಳು ಮಾರಕ್ಕ. ಪಾಲಯ್ಯ ಗಾಬರಿಯಾಗಿ ತಲೆಯಾಡಿಸಿದ. ರಿಮೋಟು ಈಗ ನಿನ್ನ ಕೈಲೈತೆ ಅವ್ವ, ನೀನು ಯಾರ ಮಾತೂ ಕೇಳಂಗಿಲ್ಲ, ನಂದೂ ಕೇಳಂಗಿಲ್ಲ ಅಂದವನೇ ಬಾಯಿಗೆ ಬೀಗ ಹಾಕಿಕೊಂಡ. ಓಬಳೇಶಿ ನೆಲದ ಮೇಲೆ ಕುಸಿದು ಕೂತ.

ಮಾರಕ್ಕ ಮಗನ ಮುಖ ನೋಡಿದಳು. ಇವನನ್ನು ಹೆತ್ತವಳು, ಸಾಕಿದವಳು, ಇವನ ತಲೆಯೊಳಗಿನ ದಾರಿಯೆಲ್ಲ ಬಲ್ಲವಳು ಅವಳೊಬ್ಬಳೇ.

"ಹೇಳಬೇಡ ಕಣಪ್ಪ. ತೋರ್ಸು."

ಪಾಲಯ್ಯನ ಮುಖ ಅರಳಿತು. ತೋರಿಸಬೇಡ ಅಂತ ಮಾವ ಹೇಳಿರಲಿಲ್ಲ. ಬರಿಗೈ ಎತ್ತಿ ಹಿಡಿದು ಕಣ್ಣು ವಿಮಾನದ ಮೇಲಿಟ್ಟು ಗಾಳಿಯಲ್ಲಿ ಹೆಬ್ಬೆರಳು ಆಡಿಸತೊಡಗಿದ. ಎಡ ಹೆಬ್ಬೆರಳು ನಿಧಾನ ಕೆಳಗೆ, ಮಾರಕ್ಕನದೂ ನಿಧಾನ ಕೆಳಗೆ. ಬಲ ಹೆಬ್ಬೆರಳು ಚೂರು ಪಕ್ಕಕ್ಕೆ, ಮಾರಕ್ಕನದೂ ಚೂರು ಪಕ್ಕಕ್ಕೆ. ಅವಳು ಆಕಾಶ ನೋಡಲೇ ಇಲ್ಲ, ಮಗನ ಹೆಬ್ಬೆರಳನ್ನೇ ನೋಡಿದಳು. ವಿಮಾನ ಇಳಿಯಿತು, ಇಳಿಯಿತು, ಹುಲ್ಲಿಗೆ ತಾಗಿ ಒಮ್ಮೆ ಕುಪ್ಪಳಿಸಿತು, ಓಡಿ ಬಂದು ನಿಂತಿತು. ರೆಕ್ಕೆ ನೆಟ್ಟಗಿತ್ತು, ಬಾಲ ನೆಟ್ಟಗಿತ್ತು.

ಜನ ಹೋ ಅಂದರು. ಮಾರಕ್ಕನ ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಾಯಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು ಅಂತ ರಿಮೋಟನ್ನು ಮಗನ ಕೈಗೆ ಕೊಟ್ಟಳು. ಅಷ್ಟರಲ್ಲಿ ಓಬಳೇಶಿ ಓಡಿ ಬಂದು ಪಾಲಯ್ಯನನ್ನು ತಬ್ಬಿಕೊಂಡ.

"ನಾಳೆಯಿಂದ ಅಂಗಡಿಗೆ ಬಾರ್ಲಾ ಅಳಿಯ. ನಿನ್ನ ಸೇರಿಸ್ಕಂಡೆ."

ಎಷ್ಟೋ ವರ್ಷದಿಂದ ಮಾರಕ್ಕ ಕಾದಿದ್ದ ಮಾತು. ಪಾಲಯ್ಯ ಆ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ರಿಮೋಟು ಎದೆಗೆ ಹಿಡಿದು, ಹುಲ್ಲಿನಲ್ಲಿ ನಿಂತ ವಿಮಾನವನ್ನೇ ದಿಟ್ಟಿಸುತ್ತಾ ಕಲ್ಲಿನ ಹಾಗೆ ನಿಂತಿದ್ದ. ಬರ್ತೀಯೇನೋ ಅಂದ ಮಾವ. ಪಾಲಯ್ಯ ಕದಲಲಿಲ್ಲ. ಸಂಬಳ ಕೊಡ್ತೀನಿ ಅಂದ. ಆಗಲೂ ಕದಲಲಿಲ್ಲ. ಓಬಳೇಶಿ ಅಳುವ ಹಾಗಾಗಿ ಅಕ್ಕನ ಕಡೆ ತಿರುಗಿದ. ಅಂಗೈ ಚಾಚು ಅಕ್ಕಯ್ಯ, ಅದನ್ನು ಈಸ್ಕೋ, ನಾನು ಹೇಳಿದ್ದು ಅವನಿಗೆ ಕೇಳಿಸಲಿ ಅಂದ.

ಮಾರಕ್ಕ ನಗುತ್ತಾ ಮಗನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತಳು.

"ಇರ್ಲಿ ಬಿಡು ತಮ್ಮ. ಹುಟ್ಟಿದಾಗಿಂದ ಎಲ್ಲರ ಮಾತೂ ಕೇಳವ್ನೆ. ಇವತ್ತೊಂದಿನ ಯಾರ ಮಾತೂ ಕೇಳ್ದೆ ನಿಂತ್ಕಳ್ಲಿ."